ಹಗಲಿನ ಸಾಲ, ಇರುಳಿನ ತೀರುವಳಿ

ಬೇಸಿಗೆಯ ಸುದ್ದಿ ನಮಗೆ ಒಂದೇ ಅಂಕಿಯಲ್ಲಿ ತಲುಪುತ್ತದೆ. ಬಳ್ಳಾರಿಯಲ್ಲಿ ಇವತ್ತು 41 ಡಿಗ್ರಿ, ನಾಳೆ 42 ಎಂದು ಪತ್ರಿಕೆ ಬರೆಯುತ್ತದೆ, ಟಿವಿ ಹೇಳುತ್ತದೆ. ಅದು ದಿನದ ಗರಿಷ್ಠ ಉಷ್ಣಾಂಶ, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ನೆರಳಿನಲ್ಲಿಟ್ಟ ಉಷ್ಣಮಾಪಕ ತೋರಿಸಿದ್ದು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ. ಬೆಳಗಿನ ಜಾವ ಗಾಳಿ ಎಷ್ಟರ ಮಟ್ಟಿಗೆ ತಣಿಯಿತು ಎಂಬ ಕನಿಷ್ಠ ಉಷ್ಣಾಂಶ ಅದು. ಅದನ್ನು ಗಮನಿಸುವವರು ಕಡಿಮೆ. ಆದರೆ ಬಳ್ಳಾರಿ ಸೀಮೆಯ ಕುರುಚಲು ಕಾಡಿನಲ್ಲಿ ಬದುಕುವ ಕರಡಿ, ಗೆದ್ದಲು, ಕಳ್ಳಿ, ಹಕ್ಕಿ, ಕುರಿಗಾಹಿ ಎಲ್ಲರ ಅಳಿವು ಉಳಿವು ನಿಂತಿರುವುದು ಆ ಎರಡನೆಯ ಅಂಕಿಯ ಮೇಲೆ. ಈ ಅಧ್ಯಾಯ ಅದರ ಬಗ್ಗೆ.

ಬಳ್ಳಾರಿಯ ಕಂಟೋನ್ಮೆಂಟ್‌ನಿಂದ ಹೊಸಪೇಟೆ ರಸ್ತೆ ಹಿಡಿದು ಹೊರಟರೆ ಕುಡತಿನಿ, ತೋರಣಗಲ್ಲುಗಳ ಆಚೀಚೆ ಎರಡು ಬಗೆಯ ಬೆಟ್ಟಗಳು ಕಾಣುತ್ತವೆ. ಎಡಕ್ಕೆ ಸಂಡೂರಿನ ಕಬ್ಬಿಣದ ಅದಿರಿನ ಸಾಲು, ಬಲಕ್ಕೆ ದರೋಜಿಯ ಕಡೆಗೆ ಹೆಬ್ಬಂಡೆಗಳು ಒಂದರ ಮೇಲೊಂದು ಕೂತ ಗುಡ್ಡಗಳು. ಬಳ್ಳಾರಿಯ ಕೋಟೆ ಗುಡ್ಡ, ಉತ್ತರದಲ್ಲಿ ಕುರುಗೋಡಿನ ಗುಡ್ಡಗಳು ಕೂಡ ಈ ಎರಡನೆಯ ಜಾತಿಯವು, ಸುಮಾರು 250 ಕೋಟಿ ವರ್ಷ ಹಳೆಯ ಕಣಶಿಲೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ನೆಲಕ್ಕೆ ವರ್ಷಕ್ಕೆ ಬೀಳುವ ಮಳೆ ಐನೂರು ಮಿಲಿಮೀಟರಿನ ಆಸುಪಾಸು. ಆ ಮಳೆಯಲ್ಲೇ ಕಮರ, ದಿಂಡಿಗ, ಜಾಲಿ, ಕಕ್ಕೆ, ಬಾರೆ, ಕವಳಿ, ತಂಗಡಿ ಬೆಳೆಯುತ್ತವೆ. ಕಂದಾಯ ಕಡತಗಳು ಇಂಥ ಎಷ್ಟೋ ನೆಲವನ್ನು ‘ಖರಾಬು’ ಎಂದು ಬರೆದಿಟ್ಟಿವೆ. ಆದರೆ 1994ರಲ್ಲಿ ದರೋಜಿಯ ಈ ಖರಾಬಿನಂಥ ಕಾಡೇ ಕರಡಿಧಾಮವಾಯಿತು. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಅಂಚಿನಲ್ಲಿ ಇವತ್ತು ಅದು ಎಂಬತ್ತು ಚದರ ಕಿಲೋಮೀಟರಿಗೂ ಮಿಕ್ಕಿದ ವಿಸ್ತಾರಕ್ಕೆ ಹರಡಿದೆ.

ಸಾಲದ ಲೆಕ್ಕ

ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಇಲ್ಲಿ ನೆತ್ತಿಯ ಮೇಲಿನ ಸೂರ್ಯ ಒಂದು ಚದರ ಮೀಟರ್ ನೆಲಕ್ಕೆ ಸುಮಾರು ಸಾವಿರ ವ್ಯಾಟ್ ಶಕ್ತಿ ಸುರಿಯುತ್ತಾನೆ. ಮಣ್ಣಿನಲ್ಲಿ ತೇವ ಇದ್ದಿದ್ದರೆ ಆ ಶಕ್ತಿಯ ದೊಡ್ಡ ಪಾಲು ನೀರನ್ನು ಆವಿ ಮಾಡಲು ಖರ್ಚಾಗುತ್ತಿತ್ತು. ಒಣನೆಲದಲ್ಲಿ ಆ ದಾರಿ ಮುಚ್ಚಿರುತ್ತದೆ. ಹೀಗಾಗಿ ಬೋಳು ಮಣ್ಣಿನ ಮೇಲ್ಮೈ 60 ಡಿಗ್ರಿ ದಾಟುವುದು ಇಂಥ ನಾಡುಗಳಲ್ಲಿ ಹೊಸತಲ್ಲ. ಆ ನೆಲ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಬಂಡೆಯನ್ನು ಕಾಯಿಸುತ್ತದೆ, ಅದರ ಮೇಲೆ ನಿಂತ ಪ್ರಾಣಿಯನ್ನೂ ಕಾಯಿಸುತ್ತದೆ.

ಹೀಗೆ ಹಗಲು ಹೊತ್ತು ತಂದ ಕಾವು ಒಂದು ಸಾಲ. ಅದು ತೀರುವುದು ರಾತ್ರಿ. ಲೋಕದಲ್ಲಿರುವ ಪ್ರತಿ ವಸ್ತುವೂ ತನ್ನ ಉಷ್ಣಾಂಶಕ್ಕೆ ತಕ್ಕಂತೆ ಅವಕೆಂಪು ಕಿರಣಗಳನ್ನು ಹೊರಸೂಸುತ್ತಲೇ ಇರುತ್ತದೆ. 30 ಡಿಗ್ರಿಯ ನೆಲವೊಂದು ಚದರ ಮೀಟರಿಗೆ ಸುಮಾರು 480 ವ್ಯಾಟ್ ಹೀಗೆ ಆಕಾಶಕ್ಕೆ ಕಳಿಸುತ್ತದೆ. ಆಕಾಶದಿಂದ ಒಂದು ಪಾಲು ಮರಳಿ ಬರುತ್ತದೆ, ಏಕೆಂದರೆ ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೋಡಗಳು ಈ ಕಿರಣಗಳನ್ನು ಹೀರಿ ಕೆಳಕ್ಕೂ ಬೀರುತ್ತವೆ. ಗಾಳಿ ಒಣಗಿದ್ದು ಆಕಾಶ ತಿಳಿಯಾಗಿದ್ದರೆ ಮರಳುವ ಪಾಲು ಕಡಿಮೆ. ಆಗ ನೆಲ ಚದರ ಮೀಟರಿಗೆ ಎಂಬತ್ತು, ನೂರು ವ್ಯಾಟ್ ಲೆಕ್ಕದಲ್ಲಿ ಕಾವು ಕಳೆದುಕೊಳ್ಳುತ್ತಾ ಹೋಗುತ್ತದೆ. ಮನೆಯವರೆಲ್ಲ ಮಾಳಿಗೆ ಹತ್ತಿ ನಕ್ಷತ್ರದ ಕೆಳಗೆ ಮಲಗುವ ಬಳ್ಳಾರಿಯ ಹಳೆಯ ರೂಢಿಗೆ ಇದೇ ಭೌತವಿಜ್ಞಾನ. ಹಾಗೆ ಮಲಗಿದ ದೇಹ ತನ್ನ ಕಾವನ್ನು ನೇರ ಆಕಾಶಕ್ಕೆ ಒಪ್ಪಿಸುತ್ತದೆ.

ಹಗಲು ಎಷ್ಟು ಸಾಲ ಮಾಡಿಸಿತು ಎಂಬುದರಷ್ಟೇ ಮುಖ್ಯ, ರಾತ್ರಿ ಎಷ್ಟು ತೀರಿತು ಎಂಬುದು. ಕಾಡಿನ ಜೀವಿಗಳು ಕಂಡುಕೊಂಡ ಉಪಾಯಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಈ ತೀರುವಳಿಯನ್ನೇ ನೆಚ್ಚಿಕೊಂಡಿರುವುದು ಕಾಣುತ್ತದೆ.

ಬಂಡೆಯೊಳಗಿನ ಹವೆ

ಕರಡಿಯನ್ನು ನೋಡಿದವರಿಗೆ ಮೊದಲು ಬರುವ ಪ್ರಶ್ನೆ: ಈ ಸುಡುಬಿಸಿಲಿನ ನಾಡಿನಲ್ಲಿ ಇಷ್ಟು ಕಪ್ಪು, ಇಷ್ಟು ಜೋಲುಗೂದಲಿನ ಪ್ರಾಣಿ ಬದುಕುವುದು ಹೇಗೆ? ನಮ್ಮ ಕರಡಿಗೆ ಹಿಮನಾಡಿನ ಕರಡಿಗಳಿಗಿರುವಂಥ ದಟ್ಟವಾದ ಒಳತುಪ್ಪಳ ಇಲ್ಲ. ಹೊರಗಿನ ಉದ್ದಗೂದಲಿನ ನಡುವೆ ಗಾಳಿಯಾಡುತ್ತದೆ. ಆದರೂ ಅದನ್ನು ಹೆಚ್ಚಾಗಿ ಉಳಿಸುವುದು ಅದರ ದಿನಚರಿ. ಬೇಸಿಗೆಯ ಹಗಲನ್ನು ಅದು ಹೆಬ್ಬಂಡೆಗಳ ಸಂದಿಯ ಗವಿಯಲ್ಲಿ ಕಳೆಯುತ್ತದೆ. ಬಿಸಿಲು ಇಳಿದ ಮೇಲೆ ಹೊರಬಂದು ರಾತ್ರಿಯೆಲ್ಲ ಅಲೆದು ಗೆದ್ದಲು, ಇರುವೆ, ಜೇನು, ಕವಳಿ, ಕಕ್ಕೆ, ಈಚಲು ಹುಡುಕಿ ತಿನ್ನುತ್ತದೆ. ದರೋಜಿಯಲ್ಲಿ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಸವರಿಟ್ಟು, ಸಂಜೆಯ ಹೊತ್ತು ಗುಡ್ಡ ಇಳಿದು ಬರುವ ಕರಡಿಗಳನ್ನು ಪ್ರವಾಸಿಗರಿಗೆ ತೋರಿಸುವುದೂ ಈ ದಿನಚರಿಯನ್ನು ನಂಬಿಯೇ.

ಗವಿ ತಂಪಾಗಿರುವುದು ಏಕೆ ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು. ಬಂಡೆಯ ಮೈಯಲ್ಲಿ ಹಗಲು ಏರಿ ರಾತ್ರಿ ಇಳಿಯುವ ಕಾವು ಅಲೆಯಂತೆ ಒಳಕ್ಕೆ ಸಾಗುತ್ತದೆ. ಸಾಗುತ್ತಾ ಸೊರಗುತ್ತದೆ. ಕಣಶಿಲೆಯಲ್ಲಿ ಸುಮಾರು 18 ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಈ ಏರಿಳಿತ ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಇನ್ನೂ 18 ಸೆಂಟಿಮೀಟರ್ ದಾಟಿದರೆ ಉಳಿದುದರ ಮೂರರಲ್ಲಿ ಒಂದು. ಒಂದು ಮೀಟರ್ ಬಂಡೆಯ ಆಚೆಗೆ ಹಗಲಿನ ಏರಿಳಿತದ ನೂರರಲ್ಲಿ ಒಂದು ಪಾಲೂ ತಲುಪುವುದಿಲ್ಲ. ಒಳಗಿನ ಕಲ್ಲಿಗೆ ಮಧ್ಯಾಹ್ನ ಯಾವುದು, ನಡುರಾತ್ರಿ ಯಾವುದು ಎಂದು ಗೊತ್ತೇ ಆಗದು. ಅದರ ಉಷ್ಣಾಂಶ ಹಗಲು ರಾತ್ರಿಗಳ ಸರಾಸರಿಯ ಹತ್ತಿರ ನಿಂತಿರುತ್ತದೆ.

ಸರಾಸರಿಯಲ್ಲಿ ಹಗಲಿಗೆ ಎಷ್ಟು ಪಾಲೋ ರಾತ್ರಿಗೂ ಅಷ್ಟೇ ಪಾಲು. ಗವಿಯ ತಂಪೆಂದರೆ ಹಿಂದಿನ ರಾತ್ರಿಗಳು ಬಂಡೆಯಲ್ಲಿ ಉಳಿಸಿಹೋದ ತಂಪು. ಹಗಲು 42ಕ್ಕೇ ನಿಂತು, ರಾತ್ರಿಯ ಕನಿಷ್ಠ ಮಾತ್ರ 25ರಿಂದ 29ಕ್ಕೆ ಏರಿದರೂ, ವಾರಗಳು ಕಳೆದಂತೆ ಗವಿಯ ಹವೆ ಮೇಲೇರುತ್ತದೆ. ಆಗ ಪತ್ರಿಕೆಯ ಗರಿಷ್ಠ ಉಷ್ಣಾಂಶದ ಅಂಕಿ ಬದಲಾಗಿರುವುದಿಲ್ಲ, ಕರಡಿಯ ಮನೆ ಮಾತ್ರ ಬಿಸಿಯಾಗಿರುತ್ತದೆ.

ಹುತ್ತದ ಉಸಿರು

ಕರಡಿಯ ಮುಖ್ಯ ಆಹಾರ ಗೆದ್ದಲು. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಆ ಸಂದಿನಿಂದ ಗೆದ್ದಲನ್ನು ಸೆಳೆದುಕೊಳ್ಳುವಾಗ ಮೂಗಿಗೆ ಮಣ್ಣು ಹೋಗದಂತೆ ಹೊಳ್ಳೆಗಳನ್ನು ಮುಚ್ಚಿಕೊಳ್ಳುತ್ತದೆ. ಅದು ಬಗೆಯುವ ಹುತ್ತದೊಳಗೆ ಲಕ್ಷಾಂತರ ಜೀವಗಳು ಮತ್ತು ಅವು ಸಾಕಿದ ಅಣಬೆಯ ತೋಟಗಳು ಉಸಿರಾಡುತ್ತಿರುತ್ತವೆ. ಇಷ್ಟು ಉಸಿರಿನ ಕೆಟ್ಟ ಗಾಳಿ ಹೊರಹೋಗುವುದು ಹೇಗೆ?

ನಮ್ಮ ನಾಡಿನಲ್ಲಿ ಸಾಮಾನ್ಯವಾದ ಓಡಾಂಟೋಟರ್ಮಿಸ್ ಒಬೆಸಸ್ ಎಂಬ ಗೆದ್ದಲಿನ ಹುತ್ತಗಳನ್ನು ಅಭ್ಯಸಿಸಿದ ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕ್ಕೊ ಮತ್ತು ಎಲ್. ಮಹಾದೇವನ್ 2015ರಲ್ಲಿ ಇದರ ಉತ್ತರ ಪ್ರಕಟಿಸಿದರು. ಹುತ್ತದ ಹೊರಮೈಯ ತೆಳು ಏಣುಗಳು ಹಗಲಿನಲ್ಲಿ ಬೇಗ ಕಾಯುತ್ತವೆ, ನಡುಭಾಗ ನಿಧಾನ. ಏಣಿನ ಗಾಳಿ ಹಗುರಾಗಿ ಮೇಲೇರುತ್ತದೆ, ನಡುವಿನದು ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣಿದು ಈ ಸುತ್ತು ತಿರುಗುಮುರುಗಾಗುತ್ತದೆ. ಗೂಡಿನಲ್ಲಿ ಹಗಲು ಕೂಡಿಕೊಂಡ ಇಂಗಾಲದ ಡೈಆಕ್ಸೈಡ್ ಇಳಿಯುವುದು ರಾತ್ರಿಯ ಈ ಸುತ್ತಿನಲ್ಲಿ. ಹೊರಗಿನ ಗಾಳಿ ಬೀಸಬೇಕಾಗಿಲ್ಲ. ಹಗಲಿಗೂ ಇರುಳಿಗೂ ನಡುವಿನ ಉಷ್ಣಾಂಶದ ಅಂತರವೇ ಹುತ್ತದ ಉಸಿರಿಗೆ ಬಲ. ಆ ಅಂತರ ಕುಗ್ಗಿದಷ್ಟೂ ಬಲವೂ ಕುಗ್ಗುತ್ತದೆ.

ಇರುಳು ಬಾಯಿ ತೆರೆಯುವ ಗಿಡ

ಗಿಡಕ್ಕೆ ಗವಿಗೆ ಹೋಗುವ ದಾರಿ ಇಲ್ಲ. ನಿಂತಲ್ಲೇ ನಿಭಾಯಿಸಬೇಕು. ಜಾಲಿಯ ಎಲೆ ಸಣ್ಣಸಣ್ಣ ತುಣುಕುಗಳಾಗಿರುವುದು ಇದಕ್ಕೆ ಅನುಕೂಲ. ಅಗಲ ಎಲೆಯ ಮೇಲೆ ಬಿಸಿಗಾಳಿಯ ಪದರ ದಪ್ಪಗೆ ನಿಂತುಬಿಡುತ್ತದೆ, ಕಿರುಎಲೆಯ ಮೇಲೆ ಅದು ತೆಳುವಾಗಿದ್ದು ಕಾವು ಬೇಗ ಬಿಟ್ಟುಹೋಗುತ್ತದೆ. ದಿಂಡಿಗದಂಥ ಮರಗಳು ಬೇಸಿಗೆಗೆ ಎಲೆ ಉದುರಿಸಿ ನೀರಿನ ಖರ್ಚನ್ನೇ ನಿಲ್ಲಿಸುತ್ತವೆ. ಬೇವು, ಹೊಂಗೆ ಮಾತ್ರ ಯುಗಾದಿಯ ಆಸುಪಾಸಿಗೆ, ಮಳೆಗೆ ಇನ್ನೂ ತಿಂಗಳುಗಳಿರುವಾಗಲೇ ಚಿಗುರಿ ನೆರಳು ಕೊಡುತ್ತವೆ. ಆಳದ ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟ ನೀರು ಅವಕ್ಕೆ ಆಸರೆ. ಆ ಎಲೆಗಳಿಂದ ಆವಿಯಾಗುವ ಪ್ರತಿ ಲೀಟರ್ ನೀರೂ ಸುತ್ತಲಿನ ಕಾವಿನಿಂದ ಸುಮಾರು 24 ಲಕ್ಷ ಜೂಲ್ ಕಸಿದುಕೊಂಡು ಹೋಗುತ್ತದೆ. ಬೇವಿನ ನೆರಳಿಗೂ ತಗಡಿನ ನೆರಳಿಗೂ ಇರುವ ವ್ಯತ್ಯಾಸ ಇದು. ಎರಡೂ ಬಿಸಿಲನ್ನು ತಡೆಯುತ್ತವೆ. ತಗಡು ತಾನು ಕಾದು ಕೆಳಗಿದ್ದವರ ಮೇಲೆ ಕಾವು ಬೀರುತ್ತದೆ, ಎಲೆ ನೀರು ಖರ್ಚು ಮಾಡಿ ತಾನೂ ತಣ್ಣಗಿದ್ದು ನಮ್ಮನ್ನೂ ತಣ್ಣಗಿಡುತ್ತದೆ.

ಅಮೆರಿಕ ಖಂಡದಿಂದ ಬಂದು ಇಲ್ಲಿನ ಬೇಲಿ, ಗುಡ್ಡಗಳಿಗೆ ಒಗ್ಗಿಕೊಂಡ ಪಾಪಸುಕಳ್ಳಿ ಮತ್ತು ಕತ್ತಾಳೆಗಳ ಉಪಾಯ ಇನ್ನೂ ವಿಶೇಷ. ಎಲ್ಲ ಗಿಡಗಳೂ ಇಂಗಾಲದ ಡೈಆಕ್ಸೈಡ್ ಒಳಗೆ ಬಿಟ್ಟುಕೊಳ್ಳಲು ತಮ್ಮ ಮೈಯ ಸೂಕ್ಷ್ಮ ರಂಧ್ರಗಳನ್ನು ತೆರೆಯಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಕಳ್ಳಿ ಹಗಲೆಲ್ಲ ರಂಧ್ರ ಮುಚ್ಚಿರುತ್ತದೆ. ರಾತ್ರಿ ತೆರೆದು ಒಳಗೆಳೆದುಕೊಂಡ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ, ಹಗಲು ಅದನ್ನು ಬಿಡಿಸಿ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಈ ಏರ್ಪಾಟು ಚೆನ್ನಾಗಿ ನಡೆಯುವುದು ರಾತ್ರಿ ತಂಪಾಗಿದ್ದಾಗ. ಸೆಕೆಯ ರಾತ್ರಿಯಲ್ಲಿ ಕೂಡಿಡುವ ಕೆಲಸ ಕುಂಟುತ್ತದೆ.

ಇನ್ನು ಹಕ್ಕಿಗಳು. ಅವಕ್ಕೆ ಬೆವರಿಲ್ಲ. ಅವುಗಳ ಮೈ ಸಹಜವಾಗಿಯೇ 41 ಡಿಗ್ರಿಯ ಸುತ್ತ ಇರುವುದರಿಂದ ಬಿಸಿಗಾಳಿಯ ಎದುರು ನಮಗಿಂತ ತುಸು ಅವಕಾಶ ಹೆಚ್ಚು. ಬರಿನೆಲದಲ್ಲೇ ಮೊಟ್ಟೆಯಿಡುವ ನತ್ತಿಂಗ, ಬಾಯಿ ತೆರೆದು ಗಂಟಲಿನ ತೆಳುಚರ್ಮವನ್ನು ವೇಗವಾಗಿ ಅದುರಿಸಿ ತೇವವನ್ನು ಆವಿ ಮಾಡುತ್ತಾ ಹಗಲಿಡೀ ಕದಲದೆ ಕೂರುತ್ತದೆ. ಅದು ಹಾರಿ ಹುಳ ಹಿಡಿಯುವುದೆಲ್ಲ ಸಂಜೆಗತ್ತಲಿನ ಮೇಲೆ. ದರೋಜಿಯಲ್ಲಿ ಕಾಣುವ ಬಣ್ಣದ ಸ್ಯಾಂಡ್‌ಗ್ರೌಸ್ ಹಕ್ಕಿ ಒಣಬೀಜ ತಿಂದು ಬದುಕುವಂಥದು, ನೀರು ಕುಡಿಯಲೇಬೇಕು. ಕತ್ತಲಾದ ಮೇಲೆ, ಬೆಳಕು ಹರಿಯುವ ಮುನ್ನ ಅದು ನೀರಿಗೆ ಬರುತ್ತದೆ. ಇದೇ ಬಳಗದ ನಮಾಕ್ವಾ ಸ್ಯಾಂಡ್‌ಗ್ರೌಸ್‌ನ ಗಂಡು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಹಾರಿ ಹೋಗಿ ಮರಿಗಳಿಗೆ ಕುಡಿಸುತ್ತದೆ ಎಂಬುದನ್ನು 1967ರಲ್ಲಿ ಟಾಮ್ ಕೇಡ್ ಮತ್ತು ಗಾರ್ಡನ್ ಮೆಕ್ಲೀನ್ ಆಫ್ರಿಕದ ಕಲಹಾರಿಯಲ್ಲಿ ದೃಢಪಡಿಸಿದರು.

ಮಂದೆಯ ಜೊತೆಗಿನ ಬದುಕು

ಈ ಕಾಡಿನ ಸಮುದಾಯದಲ್ಲಿ ಮನುಷ್ಯರೂ ಇದ್ದಾರೆ. ಕುರಿಗಾಹಿಗಳ ದಿನ ಬಿಸಿಲಿನ ಗಡಿಯಾರದಂತೆಯೇ ನಡೆಯುತ್ತದೆ. ನಸುಕಿನಲ್ಲಿ ಮಂದೆ ಬಿಡುವುದು, ಬಿಸಿಲು ಏರಿದಾಗ ಜಾಲಿ ಬೇವುಗಳ ಅಡಿಗೆ ತರುವುದು, ಇಳಿಹೊತ್ತಿಗೆ ಮತ್ತೆ ಮೇಯಿಸಿ ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ ಅಲ್ಲೇ ಮಲಗುವುದು. ಬಳ್ಳಾರಿಯ ಹೆಸರಿನದೇ ಕುರಿ ತಳಿಯೊಂದು ದೇಶದ ತಳಿಪಟ್ಟಿಯಲ್ಲಿದೆ. ನಡುಹಗಲಿನಲ್ಲಿ ಕುರಿಗಳು ಒತ್ತೊತ್ತಾಗಿ ನಿಂತು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸುವುದು ತಲೆಗೆ ನೆರಳು ಹುಡುಕಿಕೊಂಡು. ಮೈಯ ಉಣ್ಣೆಯೂ ಬಿಸಿಲಿಗೆ ತಡೆ. ಆಸ್ಟ್ರೇಲಿಯದ ಮೆರಿನೊ ಕುರಿಗಳಲ್ಲಿ ಉಣ್ಣೆಯ ತುದಿ 85 ಡಿಗ್ರಿ ಮುಟ್ಟಿದಾಗಲೂ ಚರ್ಮ 42ರ ಸುತ್ತಲೇ ಇದ್ದುದನ್ನು ಅಳೆದವರಿದ್ದಾರೆ.

ಕುರಿಗಾಹಿಯ ಹೆಗಲಿನ ಕರಿಕಂಬಳಿಯೂ ಈ ಮಾತಿಗೆ ಸೇರಬೇಕು. ಬಿಸಿಲಿಗೆ ಕಪ್ಪು ಬಟ್ಟೆ ತಪ್ಪು ಎಂದು ಓದಿದವರು ಹೇಳುತ್ತಾರೆ. ಸಿನಾಯ್ ಮರುಭೂಮಿಯ ಬೆದೂಯಿನ್ ಜನ ತೊಡುವ ಕಪ್ಪು ನಿಲುವಂಗಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಕಾಯುವುದು ನಿಜ. ಆದರೆ ಸಡಿಲವಾಗಿ ಹೊದ್ದಾಗ ಆ ಹೆಚ್ಚಿನ ಕಾವು ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗಿಬಿಡುತ್ತದೆ. ಧರಿಸಿದವನಿಗೆ ಎರಡೂ ಒಂದೇ. ದಪ್ಪ, ಸಡಿಲ ಹೊದಿಕೆ ನೇರ ಬಿಸಿಲನ್ನು ತಡೆಯುತ್ತದೆ ಎಂಬುದೇ ಮುಖ್ಯ.

ಮನುಷ್ಯನಿಗೆ ಪ್ರಕೃತಿ ಕೊಟ್ಟ ದೊಡ್ಡ ವರ ಬೆವರು. ಗುದ್ದಲಿ ಹಿಡಿದು ದುಡಿಯುವ ದೇಹ ಸುಮಾರು 300 ವ್ಯಾಟ್ ಕಾವು ಹುಟ್ಟಿಸುತ್ತದೆ. ಅದನ್ನು ಕಳೆಯಲಿಕ್ಕೇ ಗಂಟೆಗೆ ಅರ್ಧ ಲೀಟರಿನ ಹತ್ತಿರ ಬೆವರು ಆವಿಯಾಗಬೇಕು. ಗಾಳಿ 42 ಡಿಗ್ರಿ ಇದ್ದರೆ, ಚರ್ಮ 35 ಇರುವುದರಿಂದ, ಗಾಳಿಯೂ ಬಿಸಿಲೂ ಸೇರಿ ಹೊರಗಿನಿಂದ ಕಾವು ತುಂಬುತ್ತವೆ. ಆಗ ಗಂಟೆಗೆ ಒಂದು ಲೀಟರ್ ಬೆವರೂ ಬೇಕಾದೀತು. ನೀರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿಗಳು ನೀರು ಉಪ್ಪು ಎರಡನ್ನೂ ಒಟ್ಟಿಗೆ ತುಂಬಿಕೊಡುವುದರಿಂದ ಈ ಸೀಮೆಯ ಬುತ್ತಿಯಲ್ಲಿ ಅವುಗಳ ಸ್ಥಾನ ದೊಡ್ಡದು.

ಬೆವರಿಗೂ ಮಿತಿ ಇದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಉಷ್ಣಾಂಶ 35 ಡಿಗ್ರಿ ಮುಟ್ಟಿದರೆ ಬೆವರಿನಿಂದ ಉಪಯೋಗವಿಲ್ಲ, ಮನುಷ್ಯ ತಾಳಲಾರ ಎಂದು 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಕೊಟ್ಟರು. 2022ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರನ್ನೇ ಪರೀಕ್ಷಿಸಿ ನೋಡಿದಾಗ ಮಿತಿ ಅದಕ್ಕೂ ಕೆಳಗಿತ್ತು. ತೇವದ ಹವೆಯಲ್ಲಿ 30–31, ಬಳ್ಳಾರಿಯಂಥ ಒಣ ಬಿಸಿಯಲ್ಲಿ 25–28. ಒಣಗಾಳಿಯಲ್ಲಿ ಬೆವರು ತಕ್ಷಣ ಆರುತ್ತದೆ, ಆದರೆ ಬೇಕಾದಷ್ಟು ವೇಗದಲ್ಲಿ ಬೆವರು ಸುರಿಸಲು ಚರ್ಮಕ್ಕೆ ಆಗುವುದಿಲ್ಲ. ಒಣಬಿಸಿಲು ನಮಗೆ ಒಗ್ಗಿದ್ದು, ಏನೂ ಆಗದು ಎಂಬ ಧೈರ್ಯ ಅಪಾಯಕಾರಿ. ದೇಹದ ಒಳಗಿನ ಉಷ್ಣಾಂಶ 40 ದಾಟಿ ಮಾತು ತೊದಲಿದರೆ, ಗೊಂದಲವಾದರೆ ಅದು ಶಾಖಾಘಾತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ ತಣಿಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ತೀರದ ಸಾಲ

ಹಗಲಿಡೀ ಬಳಲಿದ ಹೃದಯ ಸುಧಾರಿಸಿಕೊಳ್ಳುವುದು ರಾತ್ರಿಯ ನಿದ್ದೆಯಲ್ಲಿ. ಮಲಗಿದ ಕೋಣೆಯೇ ಕಾದಿದ್ದರೆ ಹೃದಯ ರಾತ್ರಿಯೂ ಚರ್ಮಕ್ಕೆ ರಕ್ತ ನೂಕುತ್ತಲೇ ಇರಬೇಕು. ಮರುದಿನದ ಬಿಸಿಲು ತೀರದ ಸಾಲದ ಮೇಲೆ ಹೊಸ ಸಾಲ. ಬಿಸಿಗಾಳಿಯ ದಿನಗಳು ಸಾಲಾಗಿ ಬಂದಾಗ ಸಾವು ಹೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣ. 2010ರ ಮೇ ತಿಂಗಳಿನ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರವೊಂದರಲ್ಲೇ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾದವು. ಆ ನಗರ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ಮಾಡಿಕೊಂಡಿತು.

ನಮ್ಮ ಮನೆಗಳು ಈ ಲೆಕ್ಕದಲ್ಲಿ ಸೋತಿವೆ. ಬಳ್ಳಾರಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯಲ್ಲಿ ಒಂದಡಿ ಮಣ್ಣಿದ್ದರೆ ಹಗಲಿನ ಏರಿಳಿತದ ನೂರರಲ್ಲಿ ಐದಾರು ಪಾಲು ಮಾತ್ರ ಒಳಗೆ ಇಳಿಯುತ್ತದೆ. ಹನ್ನೆರಡು ಸೆಂಟಿಮೀಟರಿನ ಕಾಂಕ್ರೀಟ್ ತಾರಸಿಯಲ್ಲಿ ನಲವತ್ತು ಪಾಲು ಇಳಿಯುತ್ತದೆ, ಅದೂ ಮೂರು ಗಂಟೆಗೂ ಹೆಚ್ಚು ತಡವಾಗಿ. ಹೀಗಾಗಿ ಕಾಂಕ್ರೀಟ್ ಮನೆ ಒಳಗಿನವರನ್ನು ಹೆಚ್ಚು ಸುಡುವುದು ಸಂಜೆ, ದುಡಿದವರು ಮನೆಗೆ ಮರಳುವ ಹೊತ್ತಿಗೆ. ಊರು ಒತ್ತಾದಷ್ಟೂ ಗೋಡೆಗಳು ಆಕಾಶದ ಬದಲು ಒಂದನ್ನೊಂದು ನೋಡುತ್ತಾ ಕಾವನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ.

ಇದರ ಮೇಲೆ ಇಡೀ ಭೂಮಿಯ ಬಿಸಿ. ಇಂಗಾಲದ ಡೈಆಕ್ಸೈಡ್ ಹೊದಿಕೆ ರಾತ್ರಿಯೂ ತೆಗೆಯದ ಹೊದಿಕೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ಹೆಚ್ಚಿನ ನೆಲಭಾಗದಲ್ಲಿ ಹಗಲಿಗಿಂತ ರಾತ್ರಿಯೇ ಬೇಗ ಬಿಸಿಯಾಯಿತು. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ರೈತರಿಗೂ ಇದು ಸಂಬಂಧಿಸಿದ್ದು. ರಾತ್ರಿ ಬಿಸಿಯಾದರೆ ಪೈರು ಹಗಲು ಗಳಿಸಿದ್ದನ್ನು ಉಸಿರಾಟದಲ್ಲೇ ಕಳೆಯುತ್ತದೆ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ಒಣಹಂಗಾಮಿನ ಕನಿಷ್ಠ ಉಷ್ಣಾಂಶ 1 ಡಿಗ್ರಿ ಏರಿದರೆ ಇಳುವರಿ ಶೇ 10ರಷ್ಟು ಇಳಿದದ್ದು 2004ರಲ್ಲಿ ವರದಿಯಾಯಿತು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಅಥವಾ ನೇರವಾಗಿ 45 ಮುಟ್ಟಿದರೆ ಬಿಸಿಗಾಳಿ. ವಾಡಿಕೆಯೇ 40ರ ಸಮೀಪ ಇರುವ ಬಳ್ಳಾರಿಯಲ್ಲಿ 43 ಡಿಗ್ರಿಯ ದಿನವೂ ಈ ಗೆರೆ ದಾಟದೆ ಹೋಗಬಹುದು. ಇದೇ ಇಲಾಖೆ ‘ಬಿಸಿ ರಾತ್ರಿ’ಯನ್ನೂ ಗುರುತಿಸುತ್ತದೆ. ಹಗಲು 40 ಇದ್ದು, ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಅದು ಬಿಸಿ ರಾತ್ರಿ. ಈ ಎಚ್ಚರಿಕೆ ಬಿಸಿಗಾಳಿಯ ಎಚ್ಚರಿಕೆಯಷ್ಟೇ ಗಟ್ಟಿಯಾಗಿ ಹಳ್ಳಿಗಳಿಗೆ ತಲುಪಬೇಕು.

ಹೊತ್ತು ಹಂಚಿಕೊಳ್ಳುವ ನ್ಯಾಯ

ಬಿಸಿ ಹೆಚ್ಚಿದಷ್ಟೂ ಹೊರಗೆ ಓಡಾಡಬಹುದಾದ ಹೊತ್ತು ಕುಗ್ಗುತ್ತದೆ. ಕರಡಿ, ಕುರಿಗಾಹಿ, ಸೌದೆಗೆ ಹೋದವರು, ಹೊಲಕ್ಕೆ ನೀರು ಕಟ್ಟುವವರು ಎಲ್ಲರೂ ಅದೇ ನಸುಕು, ಅದೇ ಮುಸ್ಸಂಜೆಯಲ್ಲಿ, ಅದೇ ನೀರಿನ ಬಳಿ ಎದುರಾಗುತ್ತಾರೆ. ಬೇಸಿಗೆಯಲ್ಲಿ ಕಾಡಿನೊಳಗೆ ನೀರಿನ ಗುಂಡಿ ತುಂಬಿಸಿಡುವುದು ಕರಡಿಯಷ್ಟೇ ಅಲ್ಲ, ಜನರನ್ನೂ ಕಾಯುವ ಕೆಲಸ.

ಬಳ್ಳಾರಿಯೂ ಸೇರಿದಂತೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಇದು ಒಳ್ಳೆಯ ಪದ್ಧತಿ, ಕಾಡು ಕಲಿಸಿದ ಪಾಠಕ್ಕೆ ಒಪ್ಪುವಂಥದು. ಆದರೆ ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ಈ ರಿಯಾಯಿತಿ ಗಣಿಯ ಲಾರಿಗೆ ಅದಿರು ತುಂಬುವವರಿಗೆ, ಇಟ್ಟಿಗೆಗೂಡಿನವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ, ಮೆಣಸಿನಕಾಯಿ ಕಣದಲ್ಲಿರುವ ಹೆಂಗಸರಿಗೆ ಮೊದಲು ಸಿಗಬೇಕಿತ್ತು. ಈ ಭೂಭಾಗದಲ್ಲಿ ನಡುಹಗಲಿನ ವಿಶ್ರಾಂತಿ ಪ್ರಾಣ ಉಳಿಸುವ ಕ್ರಮ. ಅದಕ್ಕೆ ಕೂಲಿ ಕಡಿತ ಮಾಡುವುದು ಅನ್ಯಾಯ.

ಇನ್ನು ನೆಲದ ಮಾತು. ಸಂಡೂರಿನ ಬೆಟ್ಟಗಳಲ್ಲಿ ಮಿತಿಮೀರಿದ ಗಣಿಗಾರಿಕೆಯನ್ನು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಬೇಕಾಗಿ ಬಂತು. ಅಷ್ಟರಲ್ಲಿ ಬೋಳಾದ ಇಳಿಜಾರುಗಳು ನೀರು ಹಿಡಿಯುವ, ಗಾಳಿ ತಣಿಸುವ ಕೆಲಸವನ್ನೂ ಕಳೆದುಕೊಂಡಿದ್ದವು. ಮಣ್ಣು, ತೇವ ಕಾಪಾಡುವ ವಿದ್ಯೆ ನಮ್ಮಲ್ಲಿ ಇಲ್ಲದ್ದೇನಲ್ಲ. ಬಳ್ಳಾರಿಯಲ್ಲೇ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿದೆ. ಇಳಿಜಾರಿಗೆ ಬದು, ಹಳ್ಳಕ್ಕೆ ತಡೆ, ಬೋಳು ನೆಲಕ್ಕೆ ಕಮರ, ಬೇವು, ಹೊಂಗೆ ಎಂಬಷ್ಟನ್ನು ಪ್ರತಿ ಪಂಚಾಯಿತಿಯೂ ಮಾಡಬಹುದು. ಊರಿನ ತಾರಸಿಗೆ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಿಂದಿರುಗುತ್ತದೆ. ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಕುರುಚಲು ಕಾಡನ್ನು ಖರಾಬು ಎಂದು ಬರೆದ ಕಡತ ಅದರಲ್ಲಿರುವ ಮರದ ದಿಮ್ಮಿಗಳನ್ನು ಎಣಿಸಿತು, ಅದು ರಾತ್ರಿಗೆ ಕೊಡುವ ತಂಪನ್ನು ಎಣಿಸಲಿಲ್ಲ. ಮುಂದಿನ ಬೇಸಿಗೆಗಳಲ್ಲಿ ಬಳ್ಳಾರಿಯಂಥ ನಾಡು ಬಾಳಬಲ್ಲದೇ ಎಂಬುದನ್ನು ತೀರ್ಮಾನಿಸುವುದು ಈ ತಂಪೇ. ಗುಡ್ಡದ ಮೇಲಿನ ಕಮರ, ಬೀದಿಯ ಬೇವು, ಮನೆಯ ಮಾಳಿಗೆ, ಕೂಲಿಯವರ ನಡುಹಗಲಿನ ವಿಶ್ರಾಂತಿ, ಈ ನಾಲ್ಕನ್ನೂ ಒಂದೇ ಯೋಜನೆಯ ನಾಲ್ಕು ಭಾಗಗಳಾಗಿ ನೋಡುವ ಆಡಳಿತ ನಮಗೆ ಬೇಕು. ಅದನ್ನು ಕೇಳುವ ಹಕ್ಕು ಈ ಬಿಸಿಲನ್ನು ಉಣ್ಣುತ್ತಿರುವ ಪ್ರತಿಯೊಬ್ಬರಿಗೂ ಇದೆ.